ಬಿಚ್ಚದ ಪೆಟ್ಟಿಗೆಯ ವೀರರು

“ಅಜ್ಜಾರೇ, ಕಷ್ಟಪಟ್ಟು ಗಳಿಸಿಕೊಂಡ ಗುಣವನ್ನು ಕೆಡದ ಹಾಗೆ ಕಾಯ್ದುಕೊಳ್ಳುವುದು ಹೇಗೆ?”

ಕೇಳಿದವನು ಶಂಭುಲಿಂಗ. ಒಂಬತ್ತು ವರ್ಷದಿಂದ ಮಠದಲ್ಲಿದ್ದವನು. ಬಂದ ಹೊಸದರಲ್ಲಿ ಅವನ ಸಿಟ್ಟು ಇಡೀ ಊರಿಗೇ ಗೊತ್ತಿತ್ತು. ಅದನ್ನು ಬಿಟ್ಟೇ ತೀರುತ್ತೇನೆಂದು ಗದ್ದುಗೆಯ ಮುಂದೆ ನಿಂತು ಪಣ ತೊಟ್ಟ. ತೊಟ್ಟ ಪಣದಿಂದ ಹಿಂದೆ ಸರಿಯಲಿಲ್ಲ. ಹೂವಿನ ಗಿಡಗಳಿಗೆ ನೀರು ಹಾಕುವುದು, ಪೂಜೆಗೆ ಅಣಿ ಮಾಡುವುದು, ಆಮೇಲೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಜಪಕ್ಕೆ ಕೂರುವುದು. ಇಷ್ಟೇ ಅವನ ದಿನ. ಮೂರು ವರ್ಷದಿಂದ ಯಾರ ಮೇಲೂ ಸಿಟ್ಟಾಗಿಲ್ಲ ಎಂಬ ಸಮಾಧಾನ ಅವನಿಗಿತ್ತು.

ಆ ದಿನ ಬೆಳಿಗ್ಗೆ ಮಠದ ಸ್ವಾಮಿಗಳಾದ ಅಜ್ಜಾರು ಅವನನ್ನು ಅಂಗಳಕ್ಕೆ ಕರೆದಿದ್ದರು. ಪಕ್ಕದ ಊರಿನಲ್ಲಿ ಎರಡು ಓಣಿಯವರು ಒಂದು ನಲ್ಲಿಗಾಗಿ ಬಡಿದಾಡುತ್ತಿದ್ದಾರೆ, ಹೋಗಿ ಒಂದು ತಿಂಗಳು ಅವರ ನಡುವೆ ಇದ್ದು ಬಗೆಹರಿಸಿ ಬಾ ಎಂದಿದ್ದರು. ಶಂಭುಲಿಂಗ “ಆಗುವುದಿಲ್ಲ” ಎಂದಿದ್ದ. ಕಟ್ಟೆಯ ಮೇಲೆ ಕಾಳು ತಿನ್ನುತ್ತಿದ್ದ ಪಾರಿವಾಳಗಳು ಒಮ್ಮೆಲೇ ಹಾರಿಹೋದವು. ನಾಯಿ ಬಂದಿರಬೇಕು ಎಂದುಕೊಂಡು ಅವನು ತನ್ನ ಕೋಣೆಗೆ ಹೋದ.

ಸಂಜೆಯ ಹೊತ್ತಿಗೆ ಅವನ ನಿರ್ಧಾರ ಇನ್ನಷ್ಟು ಗಟ್ಟಿಯಾಗಿತ್ತು. ಅಜ್ಜಾರ ಬಳಿಗೆ ಬಂದು ಆ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ ಮುಂದುವರಿಸಿದ.

“ನಲ್ಲಿಯ ಜಗಳ ಅಂದರೆ ತಮಗೆ ಗೊತ್ತೇ ಇದೆ. ಆ ಬಾಯಿ ಕೇಳಿದರೆ ಕಲ್ಲಿಗೂ ಸಿಟ್ಟು ಬರುತ್ತದೆ. ಮೂರು ವರ್ಷ ಕಾಯ್ದುಕೊಂಡದ್ದು ಮೂರು ದಿನಕ್ಕೆ ಹೋದೀತು. ನಾನು ಹೋಗುವುದಿಲ್ಲ. ಬೇರೆ ಯಾರನ್ನಾದರೂ ಕಳಿಸಿರಿ.”

 ಅಜ್ಜಾರು ಕೂತುಕೋ ಎಂದು ಕೈ ತೋರಿಸಿದರು. ಅವನು ಕೂತ ಮೇಲೆ ಒಂದು ಕತೆ ಹೇಳಿದರು.

ಒಂದು ಬಿಸಿಲೂರು. ಅಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಕೊಟ್ಟ ಮಾತಿಗೆ ತಪ್ಪದವನು, ಹಿಡಿದ ಪಟ್ಟು ಬಿಡದವನು.

ಅವನು ಚಿಕ್ಕವನಿದ್ದಾಗ ಆ ಊರಿನ ಕ್ಷೌರದಂಗಡಿಗೆ ಚಿತ್ರಕತೆಯ ಪುಸ್ತಕವೊಂದು ವಾರವಾರವೂ ಬರುತ್ತಿತ್ತು. ಅದರಲ್ಲಿ ಏಳು ಜನ ವೀರರು. ಒಬ್ಬ ಹಾರುತ್ತಿದ್ದ. ಒಬ್ಬ ಗುಡ್ಡ ಎತ್ತುತ್ತಿದ್ದ. ಒಬ್ಬಳು ನೀರಿನ ತಳದಲ್ಲಿ ಉಸಿರಾಡುತ್ತಿದ್ದಳು. ಇನ್ನೊಬ್ಬ ಬೆಂಕಿಯಲ್ಲಿ ನಡೆದರೂ ಕರಗುತ್ತಿರಲಿಲ್ಲ. ಉಳಿದ ಮೂವರಿಗೂ ಹೀಗೇ ಒಂದೊಂದು ಶಕ್ತಿ. ಎಲ್ಲಿ ಯಾರಿಗೆ ಕಷ್ಟ ಬಂದರೂ ಏಳರಲ್ಲಿ ಒಬ್ಬರು ಹೋಗಿ ನಿಲ್ಲುತ್ತಿದ್ದರು. ಹುಡುಗ ಆ ಪುಸ್ತಕ ಹಿಡಿದು ಕೂತರೆ ಏಳುತ್ತಿರಲಿಲ್ಲ. “ತಲೆ ಬೋಳಿಸಿ ಆಯಿತಲ್ಲೋ, ಇನ್ನೇನು ಬೋಳಿಸಲಿ?” ಎಂದು ಕ್ಷೌರಿಕ ಗದರುತ್ತಿದ್ದ.

ಆಮೇಲೆ ಆ ವೀರರ ಗೊಂಬೆಗಳೂ ಪೇಟೆಗೆ ಬಂದವು. ಗೇಣುದ್ದದ ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಗಳು. ಕೈ ತಿರುಗುತ್ತಿತ್ತು, ಕಾಲು ಮಡಚುತ್ತಿತ್ತು. ಹುಡುಗ ತಂದೆಯನ್ನು ಬೇಡಿದ. “ಗಂಡುಹುಡುಗನಿಗೆ ಗೊಂಬೆ ಯಾಕೆ? ತಕ್ಕಡಿ ಹಿಡಿಯುವುದನ್ನು ಕಲಿ” ಎಂದ ತಂದೆ. ಹುಡುಗ ಅಳಲಿಲ್ಲ. ದೊಡ್ಡವನಾದ ಮೇಲೆ ಏಳೂ ಜನರನ್ನು ಮನೆಗೆ ತರುತ್ತೇನೆ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ.

ದೊಡ್ಡವನಾಗುವ ಹೊತ್ತಿಗೆ ಪುಸ್ತಕ ನಿಂತಿತ್ತು. ಗೊಂಬೆ ಮಾಡುವವರೂ ಮಾಡುವುದನ್ನು ಬಿಟ್ಟಿದ್ದರು. ಗಂಟು ಮಾತ್ರ ಹಾಗೇ ಇತ್ತು. ಅವನು ಹುಡುಕಲು ಹೊರಟ. ಸೊಲ್ಲಾಪುರದ ಒಂದು ಹಳೆಯ ಅಂಗಡಿಯ ಅಟ್ಟದ ಮೇಲೆ ಗುಡ್ಡ ಎತ್ತುವವನು ಸಿಕ್ಕ. ಬಂಧುಗಳ ಮದುವೆಗೆಂದು ಹೋದ ಊರಿನಲ್ಲಿ ನೀರಿನವಳ ಸುಳಿವು ಸಿಕ್ಕಿತು. ಅಕ್ಷತೆ ಬೀಳುವ ಮೊದಲೇ ಎದ್ದು ಹೋದ. ಆ ಬಂಧುಗಳು ಇಂದಿಗೂ ಅವನೊಂದಿಗೆ ಮಾತಾಡುವುದಿಲ್ಲ. ಹೀಗೆ ಇಪ್ಪತ್ತು ವರ್ಷದಲ್ಲಿ ಆರು ಜನರನ್ನು ಕೂಡಿಸಿದ.

ಇಂಥ ಗೊಂಬೆ ಕೂಡಿಡುವವರಲ್ಲಿ ಒಂದು ಕಟ್ಟಳೆಯಿದೆ. ಪೆಟ್ಟಿಗೆಯನ್ನು ಬಿಚ್ಚಬಾರದು. ಮಾಡಿದವರು ಅಂಟಿಸಿದ ಪಟ್ಟಿ ಅಂಟಿಸಿದ ಹಾಗೇ ಇರಬೇಕು. ಪಟ್ಟಿ ಹರಿಯಿತೆಂದರೆ ಗೊಂಬೆ ಮೈಲಿಗೆಯಾದ ಲೆಕ್ಕ, ಆಮೇಲೆ ಅದನ್ನು ಯಾರೂ ಮೂಸಿ ನೋಡುವುದಿಲ್ಲ. ರಟ್ಟಿನ ಪೆಟ್ಟಿಗೆಯ ಮೇಲೆ ವೀರನ ಚಿತ್ರವಿರುತ್ತಿತ್ತು. ಒಳಗಿನ ಗೊಂಬೆ ಹೊರಗೆ ಕಾಣುತ್ತಿರಲಿಲ್ಲ. ವ್ಯಾಪಾರಿ ಚಿತ್ರವನ್ನೇ ನೋಡಿ ತೃಪ್ತಿಪಡುತ್ತಿದ್ದ.

ಅವನು ಆ ಕಟ್ಟಳೆಯನ್ನು ವ್ರತದ ಹಾಗೆ ಪಾಲಿಸಿದ. ಒಂದೊಂದು ಪೆಟ್ಟಿಗೆಯನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ಹೋಗದಂತೆ ಸುತ್ತಿದ. ಒಳಕೋಣೆಯ ಬೀರುವಿನಲ್ಲಿಟ್ಟ. ನುಸಿಗುಳಿಗೆ ಹಾಕಿದ. ಕಿಟಕಿಗೆ ಹಲಗೆ ಬಡಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಕಸ ಗುಡಿಸಲಿಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ.

ಅವನ ಹೆಂಡತಿ ಒಂದು ದಿನ ನಕ್ಕು ಹೇಳಿದಳು. “ಲೋಕ ಕಾಯುವ ವೀರರಂತೆ! ಅವರನ್ನು ಕಾಯಲಿಕ್ಕೆ ನೀವು ಬೇಕಾಯಿತೇ?”

ವ್ಯಾಪಾರಿ ನಗಲಿಲ್ಲ.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. “ಅಪ್ಪಾ, ಇವನ ಕೈ ತಿರುಗುತ್ತದೆಯಾ?” ತಿರುಗುತ್ತದೆ ಎಂದ. “ನೀನು ತಿರುಗಿಸಿ ನೋಡಿದ್ದೀಯಾ?” ಎಂದಳು. ಅವನು ಬೀರುವಿನ ಬಾಗಿಲು ಹಾಕಿದ. ಅವಳು ಮತ್ತೆ ಕೇಳಲಿಲ್ಲ. ದೊಡ್ಡವಳಾಗಿ ಗಂಡನ ಮನೆಗೂ ಹೋದಳು.

ಕೊನೆಕೊನೆಗೆ ಆ ಕೋಣೆಯಲ್ಲಿ ಹುಳಿಹುಳಿ ವಾಸನೆ ಬರತೊಡಗಿತು. ಇಲಿ ಸತ್ತಿರಬೇಕೆಂದು ವ್ಯಾಪಾರಿ ಮೂಲೆಮೂಲೆ ತಡಕಿದ. ಇಲಿ ಸಿಗಲಿಲ್ಲ. ಇನ್ನಷ್ಟು ನುಸಿಗುಳಿಗೆ ಹಾಕಿದ. ಒಂದು ಪೆಟ್ಟಿಗೆಯ ಅಡಿಯಲ್ಲಿ ಎಣ್ಣೆಯ ಕಲೆ ಕಂಡಿತು. ದೀಪದ ಎಣ್ಣೆಯ ಕೈಯಲ್ಲಿ ಮುಟ್ಟಿದ್ದೀಯೆಂದು ಹೆಂಡತಿಗೆ ಬೈದ. ಅವಳು ಆ ಕೋಣೆಯ ಹೊಸ್ತಿಲು ದಾಟಿ ಎಷ್ಟೋ ವರ್ಷವಾಗಿತ್ತು. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ.

ಇನ್ನು ಉಳಿದವನು ಏಳನೆಯವನು, ಹಾರುವವನು. ಅವನು ಸಿಗುವುದು ಕಷ್ಟ. ಯಾಕೆಂದರೆ ಮಕ್ಕಳು ಅವನನ್ನು ಮಾಳಿಗೆಯಿಂದ ಹಾರಿಸಿ ಹಾರಿಸಿ ಮುರಿದಿದ್ದರು. ಹನ್ನೆರಡು ವರ್ಷ ಹುಡುಕಿದರೂ ಬಿಚ್ಚದ ಪೆಟ್ಟಿಗೆ ಎಲ್ಲೂ ಸಿಗಲಿಲ್ಲ. ಕಡೆಗೆ ವ್ಯಾಪಾರಿ ಒಂದು ಮೆಟ್ಟಿಲು ಕೆಳಗಿಳಿದ. ಮೈಲಿಗೆಯಾದವನಾದರೂ ಸರಿ, ಏಳು ಏಳಾಗಬೇಕು. ಇಲ್ಲದಿದ್ದರೆ ಹಾಕಿದ ಗಂಟು ಬಿಚ್ಚದೆ ಸಾಯುತ್ತೇನೆ ಎಂಬ ಭಯ ಅವನಿಗೆ ಹತ್ತಿತ್ತು.

ಆಗ ಯಾರೋ ಹೇಳಿದರು. ರೈಲ್ವೆ ಗೇಟಿನ ಹತ್ತಿರ ಮಿರ್ಚಿ ಕರಿಯುವ ಹೆಂಗಸೊಬ್ಬಳಿದ್ದಾಳೆ. ಅವಳ ಬಂಡಿಗೆ ಅಂಥದೊಂದು ಗೊಂಬೆ ಕಟ್ಟಿದೆ.

ವ್ಯಾಪಾರಿ ಹೋಗಿ ನೋಡಿದ. ದೃಷ್ಟಿಯಾಗದಿರಲೆಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ಹಾರುವವನು ನೇತಾಡುತ್ತಿದ್ದ. ಬಣ್ಣ ಹೋಗಿತ್ತು. ಮೂಗು ಸವೆದಿತ್ತು. ಬೆನ್ನ ಮೇಲಿನ ಹೊದಿಕೆ ಎಂದೋ ಹರಿದು, ಆ ಜಾಗಕ್ಕೆ ಕುಪ್ಪಸದ ಚೂರೊಂದನ್ನು ಹೊಲಿದಿದ್ದರು. ವ್ಯಾಪಾರಿಗೆ ಕಣ್ಣು ಮುಚ್ಚಿಕೊಳ್ಳುವಂತಾಯಿತು. ಆದರೂ ಕೇಳಿದ. ಅವಳು ಕೊಡುವುದಿಲ್ಲ ಎಂದಳು. ಮರುದಿನ ಮತ್ತೆ ಹೋದ. ಇಲ್ಲ ಎಂದಳು. ಮೂರನೆಯ ದಿನ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಾಣಲೆಯನ್ನು ಹೊರಿಸಿಕೊಂಡು ಹೋದ. ಬಾಣಲೆಯನ್ನು ಬೆರಳಿನಿಂದ ಬಡಿದು, ಸದ್ದು ಚೆನ್ನಾಗಿದೆ ಎಂದು ಹೊಗಳಿ ವಾಪಸು ಕಳಿಸಿದಳು.

ನಾಲ್ಕನೆಯ ದಿನ ಅವನು ಬಂಡಿಯ ಎದುರಿನ ಕಲ್ಲಿನ ಮೇಲೆ ಕೂತ. ಮುಂಜಾನೆ ಹಿಟ್ಟು ಕಲಸುವಾಗ ಕೂತವನು ಸಂಜೆ ಒಲೆ ಆರುವವರೆಗೂ ಏಳಲಿಲ್ಲ. ಮಿರ್ಚಿ ತಿನ್ನಲು ಬಂದವರು ಅವನನ್ನೂ ಗೊಂಬೆಯನ್ನೂ ನೋಡಿ ನಕ್ಕು ಹೋದರು.

ಒಲೆ ಆರಿಸಿ ಅವಳು ಹತ್ತಿರ ಬಂದಳು.

“ಸಾವುಕಾರ್ರೇ, ನಿಮ್ಮ ಹಟ ನೋಡಿದರೆ ನನ್ನ ಅತ್ತೆ ನೆನಪಾಗುತ್ತಾಳೆ. ನನ್ನ ಮೂರು ಮಕ್ಕಳಿಗೆ ಹಲ್ಲು ಬಂದದ್ದು ಇವನ ಕಾಲು ಕಚ್ಚಿ. ಜ್ವರ ಬಂದಾಗ ಇವನನ್ನು ಹಿಡಿದೇ ಮಲಗುತ್ತಿದ್ದರು. ಇವನು ದುಡ್ಡಿಗೆ ಸಿಗುವವನಲ್ಲ.”

“ನನ್ನ ಮನೆಯಲ್ಲಿ ಇವನ ಆರು ಜನ ಜೊತೆಗಾರರಿದ್ದಾರೆ ತಾಯಿ. ಇವನೊಬ್ಬನಿಗಾಗಿ ಕಾಯುತ್ತಿದ್ದಾರೆ.”

ಅವಳು ಯೋಚಿಸಿದಳು. “ಹೌದೇ? ಹಾಗಾದರೆ ನಾಳೆ ಅವರನ್ನು ಕರೆದುಕೊಂಡು ಬನ್ನಿ. ಪೆಟ್ಟಿಗೆಯಲ್ಲಿ ಬೇಡ, ಹೊರಗೆ ತೆಗೆದು ತನ್ನಿ. ಈ ಬಂಡಿಯ ಮೇಲೆ ಸಾಲಾಗಿ ನಿಲ್ಲಿಸೋಣ. ಜೊತೆಯವರ ನಡುವೆ ಇವನು ಚೆಂದ ಕಂಡರೆ ಬಿಡಿಗಾಸೂ ಬೇಡ, ಉಡಿ ತುಂಬಿ ಕಳಿಸುತ್ತೇನೆ.”

ನಾಳೆ ಬರುತ್ತೇನೆ ಎಂದು ಹೇಳಿ ವ್ಯಾಪಾರಿ ಮನೆಗೆ ಬಂದ. ಬೀರು ತೆರೆದು ನಿಂತ. ಬಿಚ್ಚಿದರೆ ಮೂವತ್ತೆರಡು ವರ್ಷದ ವ್ರತ ಹೋಯಿತು. ಬಿಚ್ಚದಿದ್ದರೆ ಏಳನೆಯವನು ಹೋದ. ರಾತ್ರಿಯೆಲ್ಲ ಬೀರುವಿನ ಮುಂದೆಯೇ ಕೂತ. ಬೆಳಗಾದ ಮೇಲೆ ಸ್ನಾನ ಮಾಡಿದ, ವಿಭೂತಿ ಹಚ್ಚಿಕೊಂಡ. ದೇವರಿಗೆ ಕೈ ಮುಗಿದು, ಹೆಂಡತಿಯ ಹತ್ತಿರ ಈಳಿಗೆಮಣೆ ಕೇಳಿ ತಂದ.

ಮೊದಲು ಎತ್ತಿದ್ದು ಬೆಂಕಿಯಲ್ಲೂ ಕರಗದವನ ಪೆಟ್ಟಿಗೆ. ಹಾಳೆ ಹರಿದ. ಅಂಟುಪಟ್ಟಿಯನ್ನು ಈಳಿಗೆಯ ಮೊನೆಗೆ ಕೊಟ್ಟ. ಮುಚ್ಚಳ ತೆರೆದ ಕೂಡಲೇ ಹುಳಿವಾಸನೆ ಮುಖಕ್ಕೆ ಹೊಡೆಯಿತು.

ವೀರ ಕರಗಿದ್ದ. ಮಳೆಗಾಲದ ಬೆಲ್ಲದ ಹಾಗೆ ಮೈಯೆಲ್ಲ ಜಿನುಗಿ ರಟ್ಟಿಗೆ ಮೆತ್ತಿಕೊಂಡಿದ್ದ. ವ್ಯಾಪಾರಿ ಮೆಲ್ಲಗೆ ಎತ್ತಿದ. ಗೊಂಬೆಯ ಕೈ ರಟ್ಟಿನಲ್ಲೇ ಉಳಿಯಿತು.

ಎರಡನೆಯದನ್ನು ಬಿಚ್ಚಿದ. ಮೂರನೆಯದನ್ನು ಬಿಚ್ಚಿದ. ಅರ್ಧಕ್ಕೆ ನಿಲ್ಲಿಸುವ ಜಾಯಮಾನ ಅವನದಲ್ಲ, ಆರನ್ನೂ ಬಿಚ್ಚಿದ. ಗುಡ್ಡ ಎತ್ತುವವನಿಗೆ ಹೆಗಲಿರಲಿಲ್ಲ. ನೀರಿನವಳಿಗೆ ಮುಖವಿರಲಿಲ್ಲ. ಹೊರಗಿನಿಂದ ಒಂದು ಇರುವೆಯೂ ಒಳಗೆ ಹೋಗಿರಲಿಲ್ಲ. ಆ ಮೆತ್ತನೆಯ ಪ್ಲಾಸ್ಟಿಕ್ಕಿನ ಒಳಗೇ ಎಣ್ಣೆಯಂಥದೊಂದು ಇರುತ್ತದೆ. ಗಾಳಿ ಬೆಳಕು ಕಾಣದೆ ಬಿಗಿಯಾಗಿ ಕೂತರೆ ಅದು ಮೆಲ್ಲಗೆ ಒಸರುತ್ತದೆ, ಹೋಗಲು ದಾರಿಯಿಲ್ಲದೆ ತನ್ನ ಮೈಯನ್ನೇ ತಿನ್ನುತ್ತದೆ. ದೀಪದ ಎಣ್ಣೆಯೆಂದು ಅವನು ಬೈದದ್ದು ಇದಕ್ಕೇ. ಇಲಿಯೆಂದು ಹುಡುಕಿದ್ದೂ ಇದನ್ನೇ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಮುಖ ನೋಡಿ, “ಆ ಕಲೆ ನಿನ್ನದಾಗಿರಲಿಲ್ಲ” ಎಂದ. ಅವಳು ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು.

ವ್ಯಾಪಾರಿ ಕೊಟ್ಟ ಮಾತಿಗೆ ತಪ್ಪದವನು. ಬರುತ್ತೇನೆಂದವನು ಹೋಗಲೇಬೇಕು. ಬರಿಗೈಯಲ್ಲಿ ರೈಲ್ವೆ ಗೇಟಿಗೆ ಹೋದ. ಹೆಂಗಸು ಬಂಡಿಯನ್ನು ಒರೆಸಿ ಆರು ಜನರಿಗೂ ಜಾಗ ಮಾಡಿ ಇಟ್ಟಿದ್ದಳು.

“ಎಲ್ಲಿ, ಜೊತೆಗಾರರು ಬರಲಿಲ್ಲವೇ?”

ವ್ಯಾಪಾರಿ ಬರಿಗೈ ಚಾಚಿ ತೋರಿಸಿದ. ನೇತಾಡುತ್ತಿದ್ದವನನ್ನೇ ನೋಡುತ್ತ ಕೇಳಿದ. “ತಾಯಿ, ಇವನು ಕೆಡದ ಹಾಗೆ ಏನು ಮಾಡಿದಿರಿ?”

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಏನು ಮಾಡುವುದು? ಮಕ್ಕಳು ಕೊಳೆ ಮಾಡುತ್ತಿದ್ದರು, ನಾನು ತೊಳೆಯುತ್ತಿದ್ದೆ. ಈಗ ಎಣ್ಣೆಹೊಗೆ ಹಿಡಿಯುತ್ತದೆ, ಬಾಣಲೆಯ ಜೊತೆ ಇವನನ್ನೂ ತಿಕ್ಕಿ ತೊಳೆಯುತ್ತೇನೆ. ಕೊಳೆಯಾದರೆ ತೊಳೆದರಾಯಿತು, ಅಷ್ಟೇ ಅಲ್ಲವೇ?”

ಅವಳು ದಾರ ಬಿಚ್ಚಿ ಗೊಂಬೆಯನ್ನು ಅವನ ಕೈಗೆ ಕೊಟ್ಟಳು. ವ್ಯಾಪಾರಿ ಅದರ ಕೈಯನ್ನು ಮೇಲಕ್ಕೆ ತಿರುಗಿಸಿದ. ಕೆಳಕ್ಕೆ ತಿರುಗಿಸಿದ. ಗಟ್ಟಿಯಾಗಿತ್ತು, ಸಲೀಸಾಗಿ ತಿರುಗಿತು. ಅವನು ಅಂಥ ಗೊಂಬೆಯ ಕೈ ತಿರುಗಿಸಿದ್ದು ಬದುಕಿನಲ್ಲಿ ಅದೇ ಮೊದಲು. ಹಾರುವವನು ಈಗ ಅವನ ಮುಷ್ಟಿಯಲ್ಲಿದ್ದ. ಒಯ್ಯಬಹುದಿತ್ತು, ಅವಳೂ ಬೇಡ ಅನ್ನುತ್ತಿರಲಿಲ್ಲವೇನೋ. ವ್ಯಾಪಾರಿ ಅವನನ್ನು ಬಂಡಿಯ ಗಳಕ್ಕೆ ತಾನೇ ಕಟ್ಟಿದ. ದಾರಕ್ಕೆ ಎರಡು ಗಂಟು ಹಾಕಿದ. ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿ ಮನೆಗೆ ಹೋದ.

ಅಜ್ಜಾರು ಕತೆ ನಿಲ್ಲಿಸಿದರು.

  ಶಂಭುಲಿಂಗನ ನಿರ್ಧಾರ ಇನ್ನೂ ಅಲುಗಿರಲಿಲ್ಲ. “ಕತೆ ತಿಳಿಯಿತು ಅಜ್ಜಾರೇ. ಆದರೆ ಅದು ಪ್ಲಾಸ್ಟಿಕ್ಕಿನ ಮಾತು. ನನ್ನೊಳಗೆ ಒಸರುವಂಥದು ಏನೂ ಉಳಿದಿಲ್ಲ. ಮೂರು ವರ್ಷವಾಯಿತು, ಒಂದು ಸಲವೂ ಸಿಟ್ಟು ಬಂದಿಲ್ಲ.”

ಅಜ್ಜಾರು ಅಂಗಳದ ಕಡೆಗೆ ಕೈ ತೋರಿಸಿ ಕೇಳಿದರು.

“ಬೆಳಿಗ್ಗೆ ನೀನು ಆಗುವುದಿಲ್ಲ ಅಂದಾಗ ಕಟ್ಟೆಯ ಮೇಲಿನ ಪಾರಿವಾಳಗಳು ಯಾಕೆ ಹಾರಿಹೋದವು, ಶಂಭುಲಿಂಗ?”

ನಾಯಿ ಬಂದಿತ್ತು ಎನ್ನಲು ಬಾಯಿ ತೆರೆದ ಶಂಭುಲಿಂಗನಿಗೆ ಬೆಳಿಗ್ಗೆಯ ತನ್ನ ಕೂಗು ನೆನಪಾಯಿತು.