ಫ್ರಿಗಿಯದ ಹಾಲುಬಂಡೆಯು ಪುಣ್ಯಸ್ಥಳವಾದ ಬಗೆ

ಯೇಸುಸ್ವಾಮಿಯ ಶಿಷ್ಯರನ್ನು ಕಣ್ಣಾರೆ ಕಂಡಿದ್ದವರೆಲ್ಲ ತೀರಿಕೊಂಡು, ಅಂಥವರ ಬಾಯಿಂದ ಕಥೆ ಕೇಳಿದ್ದವರೂ ಮುದುಕರಾಗುತ್ತಿದ್ದ ಪುರಾತನ ಕಾಲದಲ್ಲಿ, ರೋಮ್ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿದ್ದ ಫ್ರಿಗಿಯವೆಂಬ ಬೆಟ್ಟದ ಸೀಮೆಯಲ್ಲಿ, ಅಂದರೆ ಇಂದಿನ ತುರ್ಕಿ ದೇಶದ ಒಳನಾಡಿನಲ್ಲಿ, ಮಾನೆಸ್ ಎಂಬ ಆಡು ಕಾಯುವ ಮುದುಕನೂ ಅವನ ಹೆಂಡತಿ ತತಾ ಎಂಬವಳೂ ವಾಸವಾಗಿದ್ದರು. ಈಗ ಯಾತ್ರಿಕರು ಮೊಣಕಾಲೂರಿ ನಮಸ್ಕರಿಸುವ ಬಂಡೆಯು ಆಗ ಬೆಳ್ಳಗಿರಲಿಲ್ಲ, ಪವಿತ್ರವೂ ಆಗಿರಲಿಲ್ಲ. ಹೊಳೆಯ ದಂಡೆಯಲ್ಲಿ ಆಡುಗಳು ಮೈ ತಿಕ್ಕಿಕೊಳ್ಳುತ್ತಿದ್ದ ಒಂದು ಕರಿಗಲ್ಲು ಅದಾಗಿತ್ತು.

ಮುಂದಿನದು ಅರ್ಥವಾಗಬೇಕಾದರೆ ಬೆಟ್ಟದ ಮೇಲಿದ್ದ ಗವಿಯ ವಿಷಯವನ್ನು ಮೊದಲು ತಿಳಿದುಕೊಳ್ಳಬೇಕು. ಆ ಗವಿಯಲ್ಲಿ ಫ್ರಿಗಿಯದ ಜನ ತಲೆತಲಾಂತರದಿಂದ ಮಹಾಮಾತೆಯನ್ನು ಆರಾಧಿಸುತ್ತಿದ್ದರು. ಅದು ಗುಪ್ತದೀಕ್ಷೆಯ ಮತ. ಎಂದರೆ, ದೀಕ್ಷೆ ಪಡೆದವರು ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿರಲಿಲ್ಲ. ಆದ್ದರಿಂದಲೇ ಅದರ ಬಗ್ಗೆ ನಮಗೆ ತಿಳಿದಿರುವುದೂ ಅಲ್ಪವೇ. ದೀಕ್ಷೆ ಬಯಸಿದವರು ವಸಂತಕಾಲದಲ್ಲಿ ಉಪವಾಸವಿದ್ದು, ಮಾತೆಗೆ ಪ್ರಿಯನಾದ ಅತ್ತಿಸ್ ಸತ್ತನೆಂದು ಅತ್ತು, ಬಳಿಕ ಗವಿಯೊಳಗೆ ಹೋಗಿ, ಹೊರಬರುವಾಗ ಹೊಸದಾಗಿ ಹುಟ್ಟಿದವರೆಂದು ಎಣಿಸಲ್ಪಡುತ್ತಿದ್ದರು. ಹುಟ್ಟಿದ ಕೂಸಿಗೆ ಅನ್ನ ಹಾಕುವವರುಂಟೆ? ಹಾಗಾಗಿ ಅವರಿಗೆ ಮೊದಲು ಕೊಡುತ್ತಿದ್ದುದು ಹಾಲು. ಆ ಹಾಲನ್ನು ಗವಿಯ ಬಾಯಿಗೆ ಒಯ್ಯುವುದು ಮಾನೆಸನ ಮನೆತನದ ಸೇವೆಯಾಗಿತ್ತು. ಅವನೂ ಯೌವನದಲ್ಲಿ ಆ ದೀಕ್ಷೆಯನ್ನು ಪಡೆದವನೇ.

ಆದರೆ ಕಾಲ ಬದಲಾಗಿತ್ತು. ಗವಿಯ ಪೂಜಾರಿಗಳು ಒಬ್ಬೊಬ್ಬರಾಗಿ ಪಟ್ಟಣ ಸೇರಿದ್ದರು. ಹೊಳೆಯ ದಂಡೆಯಲ್ಲಿ ತ್ರೊಫಿಮನೆಂಬ ಕ್ರೈಸ್ತ ಗುರುವು ಚಿಕ್ಕ ಸಭೆಯೊಂದನ್ನು ಕೂಡಿಸಿ, ಯೇಸುಸ್ವಾಮಿಯು ಸತ್ತು ಎದ್ದನೆಂದೂ, ಉಪವಾಸದ ಬಳಿಕ ನೀರಿನಲ್ಲಿ ಮುಳುಗಿ ಎದ್ದವರು ಹೊಸದಾಗಿ ಹುಟ್ಟುವರೆಂದೂ ಬೋಧಿಸುತ್ತಿದ್ದನು. ಉಪವಾಸ, ಶೋಕ, ಮರುಹುಟ್ಟು, ಒಟ್ಟಿಗೆ ಕುಳಿತು ಉಣ್ಣುವ ಪವಿತ್ರ ಭೋಜನ, ಇವೆಲ್ಲ ಎರಡೂ ಕಡೆ ಇದ್ದವು. ಯಾವುದು ಯಾರಿಂದ ಯಾರಿಗೆ ಬಂತೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಈ ಸ್ಥಳದ ಮಟ್ಟಿಗಂತೂ, ಹಾಲು ಎಲ್ಲಿಂದ ಬಂತೆಂಬುದರಲ್ಲಿ ಸಂಶಯವಿಲ್ಲ.

ತತಾ ಬಹುಕಾಲ ತ್ರೊಫಿಮನ ಬೋಧನೆಯನ್ನು ಕೇಳಿ, ಯೇಸುಸ್ವಾಮಿಯು ಸತ್ತು ಎದ್ದ ದಿನವಾದ ಪಾಸ್ಕ ಹಬ್ಬಕ್ಕೆ, ಜ್ಞಾನಸ್ನಾನವೆಂಬ ಆ ನೀರಿನ ದೀಕ್ಷೆಯನ್ನು ಆ ವರ್ಷ ಪಡೆಯುವುದೆಂದು ನಿಶ್ಚಯಿಸಿದ್ದಳು. ಹಿಂದಿನ ದಿನ ಅವಳು ಗಂಡನನ್ನು ಕೊನೆಯ ಸಲ ಕರೆದಳು.

"ನೀವೂ ಬನ್ನಿ ಅಂದ್ರೆ."

"ಗವಿಗೆ ಹಾಲು ಯಾರು ಒಯ್ಯಬೇಕು?"

"ಗವಿಗೆ ಈಗ ಯಾರು ಬರ್ತಾರೆ? ಹೋದ ವರ್ಷ ಬಂದದ್ದು ಒಬ್ಬ. ಅವನೂ ಕತ್ತೆ ಕಳಕೊಂಡು ಹುಡುಕ್ತಾ ಬಂದವ."

"ಹಾಲು ಕುಡಿದನಲ್ಲ."

"ಹಾಲು ಕೊಟ್ಟರೆ ಯಾರು ಬೇಕಾದ್ರೂ ಕುಡೀತಾರೆ. ಅದಕ್ಕೊಂದು ದೇವರು ಬೇಕಾ?"

ಮಾನೆಸನಿಗೆ ಸಿಟ್ಟು ಬಂದಿರಲಿಲ್ಲ, ದಣಿವಾಗಿತ್ತು. ಆ ದಣಿವು ಬೆಟ್ಟ ಹತ್ತಿ ಇಳಿದದ್ದರಿಂದ ಬಂದದ್ದಲ್ಲ. ನಂಬಿದ್ದು ಕಣ್ಣೆದುರೇ ಮುದಿಯಾಗುವುದನ್ನು ನೋಡುತ್ತ ಕೂತವರಿಗೆ ಬರುವಂಥದು.

"ನಿನ್ನ ದೇವರು ನಿನಗೆ, ನನ್ನ ಅಮ್ಮ ನನಗೆ. ನೀರು ಕೊರೀತಿರುತ್ತೆ ಕಣೇ, ಕಂಬಳಿ ತಗೊಂಡು ಹೋಗು."

"ಬಿಳಿ ಬಟ್ಟೆ ಮೇಲೆ ನಿಮ್ಮ ಹೋತದ ವಾಸನೆ ಕಂಬಳಿ ಹೊದ್ಕೊಂಡು ಸ್ವರ್ಗಕ್ಕೆ ಹೋಗಲಾ? ಬಾಗಿಲಲ್ಲೇ ಅಟ್ಟಿಬಿಡ್ತಾರೆ."

ಮರುದಿನ ಬೆಳಗಾಗುವ ಮೊದಲೇ ಮಾನೆಸನು ಹಾಲು ಕರೆದು, ಮಡಕೆಯನ್ನು ಹೆಗಲಿಗೇರಿಸಿ, ಗವಿಯ ಬಾಯಿಯಲ್ಲಿ ಕಾದು ಕುಳಿತನು. ಸೂರ್ಯನು ಮೂಡಿದರೂ ಯಾರೂ ಬರಲಿಲ್ಲ. ಒಳಗೆ ದೀಪವೂ ಇರಲಿಲ್ಲ. ಕೊಡುವವನಿದ್ದು ಕುಡಿಯುವವರಿಲ್ಲದ ಹಾಲನ್ನು ಹೊತ್ತು ಅವನು ಹೊಳೆಯ ದಾರಿಯಲ್ಲೇ ಇಳಿದನು, ಏಕೆಂದರೆ ಮನೆಗೆ ಬೇರೆ ದಾರಿ ಇರಲಿಲ್ಲ.

ದಂಡೆಯಲ್ಲಿ ಜ್ಞಾನಸ್ನಾನ ನಡೆಯುತ್ತಿತ್ತು. ಸ್ನಾನಕ್ಕೆ ಮೊದಲು ಪ್ರತಿಯೊಬ್ಬರೂ ಪಶ್ಚಿಮಕ್ಕೆ ಮುಖಮಾಡಿ, ಸೈತಾನನನ್ನೂ ಅವನ ಹಳೆಯ ಪೂಜೆಗಳನ್ನೂ ತ್ಯಜಿಸಿದೆನೆಂದು ಗಟ್ಟಿಯಾಗಿ ನುಡಿಯಬೇಕಿತ್ತು. ಎಲ್ಲರಿಗಿಂತ ಹಿರಿಯಳಾದ ತತಾ ಕೊನೆಯವಳಾಗಿ ನುಡಿದು, ಮುಳುಗಿ ಎದ್ದು, ಬಿಳಿ ಬಟ್ಟೆಯುಟ್ಟು ಕರಿಗಲ್ಲಿನ ಬಳಿ ಬಂದಳು. ಉಪವಾಸದಿಂದಲೂ ಚಳಿಯಿಂದಲೂ ಅವಳ ತುಟಿ ನೀಲಿಗಟ್ಟಿತ್ತು. ಅವಳು ಕಲ್ಲಿಗೆ ಒರಗಿ ಕುಸಿದಳು.

ಅದು ಯಾರ ದೀಕ್ಷೆಯೆಂದು ಮಾನೆಸನಿಗೆ ತಿಳಿಯದೆ ಇರಲಿಲ್ಲ. ಆದರೆ ಬತ್ತಿದ ಮುಖವನ್ನೂ ಒದ್ದೆ ಕೂದಲನ್ನೂ ಕಂಡೊಡನೆ, ಅವನ ಕೈ ಜೀವಮಾನವಿಡೀ ಮಾಡಿದ್ದನ್ನೇ ಮಾಡಿತು. ಬಟ್ಟಲಿಗೆ ಹಾಲು ಬಗ್ಗಿಸಿ ಹೆಂಡತಿಯ ತುಟಿಗೆ ಹಿಡಿದು, ಗವಿಯ ಬಾಯಿಯಲ್ಲಿ ಹೇಳುತ್ತಿದ್ದ ಮಾತನ್ನೇ ಅವನು ಅಭ್ಯಾಸಬಲದಿಂದ ಹೇಳಿಬಿಟ್ಟನು: "ಹುಟ್ಟಿ ಬಂದೆಯಲ್ಲ, ಕುಡಿ."

ತತಾ ಕುಡಿದಳು.

ನೆರೆದವರೆಲ್ಲ ಆ ಮಾತನ್ನು ಬಲ್ಲವರು, ಬಹಳಷ್ಟು ಜನ ಗವಿಯಿಂದಲೇ ಬಂದವರು. ಯಾರೋ "ಅಯ್ಯೋ ಮುದುಕಾ, ಇಲ್ಲಿಗೂ ತಂದೆಯಾ ಅದನ್ನ!" ಎಂದು ಚೀರಿದರು. ತ್ರೊಫಿಮನು ನೀರಿನಿಂದ ಓಡಿಬಂದನು. ಅವನು ಕ್ರೂರಿಯಲ್ಲ. ತಾನು ಕಟ್ಟಿದ ಪುಟ್ಟ ಸಭೆಯು ಹಳೆಯದರಲ್ಲಿ ಮತ್ತೆ ಕರಗಿಹೋದೀತೆಂಬ ಭಯ ಅವನನ್ನು ನಿದ್ದೆಗೆಡಿಸಿತ್ತು.

"ತ್ಯಜಿಸಿದೆ ಅಂದ ನಾಲಿಗೆ ಇನ್ನೂ ಒಣಗಿಲ್ಲ, ಅದೇ ನಾಲಿಗೆ ಮೇಲೆ ಅದೇ ಹಾಲು! ಈಕೆ ಸಭೆಯೊಳಗೆ ಬರುವಂತಿಲ್ಲ. ಹೊರಗೇ ಇರಲಿ."

ಜ್ಞಾನಸ್ನಾನವನ್ನು ಒಬ್ಬರಿಗೆ ಎರಡನೆಯ ಸಲ ಕೊಡುವ ಪದ್ಧತಿಯಿಲ್ಲ. ಆದ್ದರಿಂದ ಈ ಮಾತಿನ ಅರ್ಥ, ತತಾ ಇನ್ನು ಸಾಯುವವರೆಗೆ ಹೊರಗಿನವಳು ಎಂದಾಗಿತ್ತು. ಅವಳು ಅಳಲಿಲ್ಲ. "ಗುರುಗಳೇ, ಹಸಿವಾಗಿತ್ತು," ಎಂದಷ್ಟೇ ಹೇಳಿದಳು.

"ತಪ್ಪು ನನ್ನದು, ಅವಳದಲ್ಲ. ನನ್ನನ್ನ ಓಡಿಸಿ, ಊರೇ ಬಿಟ್ಟು ಹೋಗ್ತೀನಿ," ಎಂದನು ಮಾನೆಸ್.

ತ್ರೊಫಿಮನು ಮಡಕೆಯನ್ನು ಕಿತ್ತು ಕರಿಗಲ್ಲಿಗೆ ಅಪ್ಪಳಿಸಿದನು. ಮಡಕೆ ಒಡೆಯಿತು. ಹಾಲು ಚೆಲ್ಲಿತು. ಆದರೆ ಮಡಕೆಯಲ್ಲಿದ್ದಷ್ಟು ಹರಿದ ಮೇಲೂ ಅದು ನಿಲ್ಲಲಿಲ್ಲ. ಕಲ್ಲೇ ಬಿರಿದು, ಬಿರುಕಿನಿಂದ ಬೆಳ್ಳಗಿನ ಬೆಚ್ಚನೆಯ ಧಾರೆ ಇಳಿದು, ನೋಡನೋಡುತ್ತಿದ್ದಂತೆ ಬಂಡೆಯ ಮೈಯೆಲ್ಲ ಬೆಳ್ಳಗಾಯಿತು. ಆಗ ಹೊಳೆಯ ಸದ್ದು ಅಡಗಿ, ಎಲ್ಲರ ಕಿವಿಗೂ ಕೇಳುವಂತೆ ದಿವ್ಯವಾಣಿಯೊಂದು ಉಂಟಾಯಿತು:

"ತ್ರೊಫಿಮಾ, ಈ ಹಾಲು ಯಾರ ಮನೆಯಿಂದ ಬಂತೆಂದು ನಾನು ಕೇಳಲಿಲ್ಲ, ನೀನೇಕೆ ಕೇಳುತ್ತೀ? ನನ್ನ ಮಗಳು ಈಗಷ್ಟೇ ಹುಟ್ಟಿದ್ದಾಳೆ. ಅವಳ ಹಸಿವು ನನಗೆ ಕಾಣಿಸಿತು, ನಿನಗೆ ಕಾಣಿಸಲಿಲ್ಲ."

ತ್ರೊಫಿಮನು ನೆಲಕ್ಕೆ ಬಿದ್ದನು. ಎದ್ದ ಮೇಲೆ ಅವನು, ತನ್ನ ಉಪವಾಸ ಮುರಿಯಲೆಂದು ಇಟ್ಟುಕೊಂಡಿದ್ದ ಜೇನನ್ನು ತಂದು, ಮಾನೆಸನ ಬಟ್ಟಲಲ್ಲಿ ಉಳಿದಿದ್ದ ಹಾಲಿಗೆ ಬೆರೆಸಿ, ತನ್ನ ಕೈಯಾರೆ ತತಾಳಿಗೆ ಕುಡಿಸಿ, ಅವಳನ್ನು ಕೈಹಿಡಿದು ಪಕ್ಕದಲ್ಲೇ ಇದ್ದ ಸಭೆಯ ಮನೆಯೊಳಗೆ ಕರೆದೊಯ್ದನು. ಹೊಸದಾಗಿ ಸ್ನಾನ ಪಡೆದವರಿಗೆ ಹಾಲುಜೇನು ಕೊಡುವ ವಾಡಿಕೆ ಈ ಸ್ಥಳದಲ್ಲಿ ಹೀಗೆ ಮೊದಲಾಯಿತು.

ಬಳಿಕ ತ್ರೊಫಿಮನು ಹೊರಬಂದು ಮಾನೆಸನ ಕಡೆ ತಿರುಗಿ, "ನೀರು ಇಲ್ಲೇ ಇದೆ, ಇಳಿದುಬಿಡು ಅಣ್ಣ," ಎಂದನು.

ಮಾನೆಸನು ಒಡೆದ ಮಡಕೆಯ ಪಕ್ಕದಲ್ಲಿ ಕೂತಿದ್ದನು. "ಬೇಡ ಗುರುಗಳೇ. ನಮ್ಮವ್ವನ ಹೊಟ್ಟೆಯಿಂದ ಒಂದು ಸಲ ಹುಟ್ಟಿದೆ. ಗವಿಯಿಂದ ಇನ್ನೊಂದು ಸಲ ಹುಟ್ಟಿದೆ. ಮೂರನೇ ಸಲ ಹುಟ್ಟೋ ತ್ರಾಣ ಈ ಮೈಯಲ್ಲಿಲ್ಲ. ಹಾಲು ಬೇಕಾದ್ರೆ ತಂದುಕೊಡ್ತೀನಿ."

"ಹೊರಗೆ ನಿಂತೇ ಕೊಡ್ತಾರಂತೆ," ಎಂದಳು ತತಾ ಒಳಗಿನಿಂದ. "ಮೊಂಡು ಮನುಷ್ಯ."

ಅವನು ಬದುಕಿರುವವರೆಗೂ ಹಾಗೆಯೇ ಕೊಟ್ಟನು, ಒಳಗೆ ಕಾಲಿಡಲಿಲ್ಲ. ಅವನು ತೀರಿಕೊಂಡಾಗ ಅವನನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆ ಬಂತು. ಕ್ರೈಸ್ತರ ಸಾಲಿನಲ್ಲಿ ಹೂಳುವಂತಿರಲಿಲ್ಲ, ಗವಿಯವರು ಯಾರೂ ಉಳಿದಿರಲಿಲ್ಲ. ತತಾ ಹೇಳಿದಂತೆ, ಸಭೆಯ ಅಂಗಳದ ಅಂಚಿನಲ್ಲಿದ್ದ ಬಂಡೆಯ ಹೊರಮಗ್ಗುಲಲ್ಲಿ ಹೂಳಿದರು. ಮುಂದೆ ಅವಳನ್ನು ಅದೇ ಬಂಡೆಯ ಒಳಮಗ್ಗುಲಲ್ಲಿ ಹೂಳಿದರು. ಆಮೇಲೆ ಕಟ್ಟಿದ ಪ್ರಾಕಾರದ ಗೋಡೆಯು ಬಂಡೆಯ ನೆತ್ತಿಯ ಮೇಲೆ ಹಾದುಹೋಗಿರುವುದು ಈ ಕಾರಣದಿಂದ.

ಧಾರೆಯು ಇಂದಿಗೂ ಇಳಿಯುತ್ತಿದೆ. ಅದು ಹಾಲಲ್ಲ, ಸುಣ್ಣದ ಅಂಶವಿರುವ ಬಿಸಿನೀರು ಎಂದು ತಿಳಿದವರು ಹೇಳುತ್ತಾರೆ. ಭಕ್ತರು ದಯವಿಟ್ಟು ಕುಡಿಯಬಾರದು, ಹಣೆಗೆ ಹಚ್ಚಿಕೊಂಡರೆ ಸಾಕು. ಸುತ್ತಲಿನ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಈಗ ಇಲ್ಲ. ಪಾಸ್ಕ ಹಬ್ಬಕ್ಕೆ ಗುರುಗಳು ಪಟ್ಟಣದಿಂದ ಬರುತ್ತಾರೆ, ಒಮ್ಮೊಮ್ಮೆ ಬರುವುದೂ ಇಲ್ಲ. ಬಂದವರಿಗೆ ಕೊಡುವ ಆಡಿನ ಹಾಲು ಮಾತ್ರ ತಪ್ಪಿಲ್ಲ. ಅದನ್ನು ತರುವವರು ಬೆಟ್ಟದ ಆಡು ಕಾಯುವ ಮುಸಲ್ಮಾನ ಮನೆತನದ ಹೆಂಗಸರು. ಬಸ್ಸಿಳಿದು ಏರು ಹತ್ತಿ ಸೋತು ಬಂದ ಯಾತ್ರಿಕರಿಗೆ ಅವರು ಗೋಡೆಯ ಹೊರಗೆ ನಿಂತು ಬಟ್ಟಲು ಕೊಡುತ್ತಾರೆ. ಯಾವ ಊರು, ಯಾವ ಮತ ಎಂದು ವಿಚಾರಿಸುವುದಿಲ್ಲ. ಕುಡಿದು ಮುಗಿಸಿದ ಮೇಲೆ, ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳುತ್ತಾರೆ.