ಬಂಡೆ ಗುಡ್ಡದ ಅರ್ಧ ಹಾಡು

ಮಕ್ಕಳೇ, ಬಡಿದರೆ ಗಂಟೆಯ ಹಾಗೆ ಗಣಗಣ ಅನ್ನುವ ಬಂಡೆಗಳನ್ನು ಕಂಡಿದ್ದೀರಾ? ಕುರುಚಲು ಕಾಡಿನ ನಡುವೆ ಅಂಥ ಬಂಡೆಗಳದೇ ಒಂದು ಗುಡ್ಡ. ಅಲ್ಲಿ ಅಬ್ಬರದ ಮೆಟಲ್ ಸಂಗೀತದ ಒಂದು ಬ್ಯಾಂಡ್ ಇತ್ತು, ಹೆಸರು 'ಸಿಡಿಲುಗುಂಡು'. ಕರಡಿ ಬಂಡೆ ಬಡಿಯುತ್ತಿದ್ದ. ಕಾಡುಹಂದಿ ಗಂಟಲು ಹರಿಯುವಂತೆ ಅಬ್ಬರಿಸಿ ಹಾಡುತ್ತಿದ್ದ. ಮುಳ್ಳುಹಂದಿ ಮೈಮುಳ್ಳು ಝಲ್ಲೆನಿಸುತ್ತಿದ್ದ. ಕಬ್ಬಿಣಕ್ಕೆ ಕಬ್ಬಿಣ ಅಪ್ಪಳಿಸಿದಂಥ ಸದ್ದು! ಆದರೆ ಕೇಳುವವರೇ ಇಲ್ಲ.

"ಇಡೀ ಕಾಡು ನಮ್ಮನ್ನು ಕೇಳಬೇಕು ಕಣ್ರೋ," ಅನ್ನುತ್ತಿದ್ದ ಕರಡಿ. ನಿದ್ದೆಯಲ್ಲೂ ಅವನಿಗೆ ಅದೇ ಕನವರಿಕೆ.

ಕೆಳಗಿನ ಆಲದ ಮರದಲ್ಲಿ ಗೊರವಂಕ ಪ್ರಚಾರದ ಕಚೇರಿ ಇಟ್ಟಿದ್ದಳು. ಯಾರ ಸುದ್ದಿಯನ್ನೇ ಕೊಡಿ, ಅವಳ ಬಳಗ ಕೊಂಬೆ ಕೊಂಬೆಗೂ ಮುಟ್ಟಿಸುತ್ತಿತ್ತು. ಕರಡಿ ಜೇನುತಟ್ಟಿ ಹಿಡಿದು ಅಲ್ಲಿಗೆ ಹೋದ.

"ಗೊರವಂಕಕ್ಕಾ, ನಮ್ಮನ್ನು ಹೆಸರುವಾಸಿ ಮಾಡು."

"ಮೊದಲು ಹಾಡು ಕೇಳಿಸಣ್ಣ. ಜಿಂಕೆಮರಿ ಬೆಚ್ಚಿಬೀಳಬಹುದು, ಕಾಡೆಮ್ಮೆ ಕುಣಿಯಬಹುದು. ತಿಳಿಯದೆ ಯಾರನ್ನು ಕರೆಯಲಿ?"

"ಅದೆಲ್ಲ ನಿನಗ್ಯಾಕೆ? ಎಲ್ಲರನ್ನೂ ಕರಿ!"

"ಆಗಲಿ. ಹಾಡು ಪೂರ್ತಿಯಾಗಿದೆ ತಾನೆ?"

ಕರಡಿ ಮೂಗು ಕೆರೆದುಕೊಂಡ. ಹಾಡು ಅರ್ಧಕ್ಕೇ ನಿಂತು ಬಹಳ ಕಾಲವಾಗಿತ್ತು. "ಓಹೋ, ಪೂರ್ತಿ," ಅಂದುಬಿಟ್ಟ.

"ಸರಿ. ಕಿವಿಗಳನ್ನು ನಿಮ್ಮ ಬಂಡೆಯವರೆಗೆ ತಂದು ಬಿಡೋದು ನನ್ನ ಕೆಲಸ. ಅಲ್ಲಿಂದ ಮುಂದಿನದು ನಿಮ್ಮದು. ಹುಣ್ಣಿಮೆ ಸಂಜೆಗೆ ಕರೀತೀನಿ."

ಗೊರವಂಕಗಳು ರೆಕ್ಕೆ ಸೋಲುವಷ್ಟು ಹಾರಿದವು. ಇತ್ತ ಗುಡ್ಡದ ಮೇಲೆ ಮುಳ್ಳುಹಂದಿ ಮೆಲ್ಲಗೆ ಕೇಳಿದ, "ಉಳಿದರ್ಧ ಕಟ್ಟೋಣವೇನ್ರೋ?"

"ಗೊರವಂಕ ಇದ್ದಾಳಲ್ಲೋ, ಎಲ್ಲ ಅವಳೇ ನೋಡ್ಕೋತಾಳೆ!" ಅಂದ ಕಾಡುಹಂದಿ. "ಮುಂದೆ ಯಾರು ನಿಲ್ಲೋದು, ಅದನ್ನು ಹೇಳು ಮೊದಲು."

"ನೀನು ನಿಂತರೆ ನನ್ನ ಮುಳ್ಳು ಯಾರಿಗೆ ಕಾಣುತ್ತೆ, ಕೆಸರುಮೂತಿ?"

ಆ ಜಗಳದಲ್ಲೇ ದಿನ ಕಳೆದವು. ಕರಡಿಯಂತೂ ಕೆರೆಯಂಚಿನಲ್ಲಿ ಮೈಕೂದಲು ನೆಕ್ಕಿಕೊಳ್ಳುತ್ತ, ನೀರಲ್ಲಿ ತನ್ನ ಮುಖ ನೋಡುತ್ತ ಕೂತ.

ಹುಣ್ಣಿಮೆ ಸಂಜೆ ಗುಡ್ಡದಲ್ಲಿ ಕಾಲಿಡಲು ಜಾಗವಿಲ್ಲ! ಕರಡಿ ಪಂಜ ಎತ್ತಿ ಬಂಡೆಗೆ ಇಕ್ಕಿದ. ಗಣ್! ಕಾಡುಹಂದಿ ಅಬ್ಬರಿಸಿದ. ಮುಳ್ಳು ಝಲ್ಲೆಂದವು. ಜಿಂಕೆಮರಿ ತಾಯಿಯ ಹೊಟ್ಟೆಯಡಿ ನುಗ್ಗಿತು. ಕಾಡೆಮ್ಮೆಗಳು ಗೊರಸು ಕುಟ್ಟಿದವು. ಕತ್ತೆಕಿರುಬ, "ಹಾಕ್ರೋ, ಹಾಕ್ರೋ!" ಅಂತ ಕೂಗಿದ.

ಅಷ್ಟರಲ್ಲಿ ಹಾಡು ನಿಂತಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಕಾದರು. "ಅಮ್ಮಾ, ಇಷ್ಟೇನಾ?" ಅಂತು ಜಿಂಕೆಮರಿ. ಯಾರೋ ಕಿಸಕ್ಕೆಂದರು.

ಕರಡಿಗೆ ಮೈಯೆಲ್ಲ ಬಿಸಿಯಾಯಿತು. "ಎಲ್ಲ ಈ ಗೊರವಂಕದ್ದೇ ತಪ್ಪು! ಕೇಳೋಕೆ ಬಾರದವರನ್ನೆಲ್ಲ ತುಂಬಿಸಿಬಿಟ್ಟಳು!" ಅಂತ ಗುಡುಗಿದ.

ಗೊರವಂಕ ರೇಗಲಿಲ್ಲ. "ಕಾಡೆಮ್ಮೆಗಳು ಇನ್ನೂ ಕಾದು ನಿಂತಿವೆ, ನೋಡಣ್ಣ. ಮುಂದಿನದನ್ನು ಹಾಡು."

ಕರಡಿ ಬಾಯಿ ತೆರೆದ. ಮುಂದಿನದು ಇರಲೇ ಇಲ್ಲ. ತಲೆ ತಾನಾಗಿ ಬಗ್ಗಿತು.

"ಪಾಪ, ಬಿಡ್ರಪ್ಪ," ಅಂದಿತು ಮುದಿ ಕಾಡೆಮ್ಮೆ. ನಗುವನ್ನಾದರೂ ತಡೆದುಕೊಳ್ಳಬಹುದಿತ್ತು, ಆದರೆ ಆ 'ಪಾಪ' ಕರಡಿಯ ಎದೆಗೆ ಚುಚ್ಚಿತು. ಒಬ್ಬೊಬ್ಬರಾಗಿ ಎಲ್ಲರೂ ಗುಡ್ಡ ಇಳಿದರು.

ಕೊನೆಗೆ ಗೊರವಂಕ ಹೇಳಿದಳು, "ಕೆಳಗಿಳಿದ ಕಿವಿಗಳನ್ನು ಮತ್ತೆ ಮೇಲೆ ಹತ್ತಿಸೋದು ಕಷ್ಟ ಕಣಣ್ಣ. ಆದರೂ, ಹಾಡು ಪೂರ್ತಿಯಾದ ದಿನ ಹೇಳಿ ಕಳಿಸು." ಕರಡಿಗೆ ಅವಳ ಮುಖ ನೋಡಲೂ ಆಗಲಿಲ್ಲ. ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ಕ್ಷಮೆ ಕೇಳಬೇಕಿತ್ತು. ಆದರೆ ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಮರುದಿನದಿಂದ ಮೂವರೂ ಉಳಿದರ್ಧ ಕಟ್ಟಲು ಕೂತರು. ಆದರೆ ಕರಡಿ ಬಂಡೆ ಮುಟ್ಟಲಿಲ್ಲ. ಸದ್ದು ಯಾರ ಕಿವಿಗಾದರೂ ಬಿದ್ದೀತೆಂಬ ನಾಚಿಕೆಯಿಂದ, ಮೆತ್ತನೆಯ ಮಣ್ಣಿನ ಮೇಲೆ ಪಂಜ ಬಡಿಯುತ್ತ ತಾಳ ಕಲಿತ.

ನೀತಿ: ಪ್ರಚಾರ ಮಾಡುವವರು ಕೇಳುಗರನ್ನು ಬಾಗಿಲಿಗೆ ತರಬಲ್ಲರೇ ಹೊರತು ಹಾಡು ಕಟ್ಟಿಕೊಡಲಾರರು. ಹಾಡು ಅರ್ಧವಿದ್ದರೆ, ಬಂದ ಜನ ಹೆಚ್ಚಿದಷ್ಟೂ ನಾಚಿಕೆಯೇ ಹೆಚ್ಚು.