ನಂದಿಗೆ ಹೋಗಿ ಬಂದ ಮರುಳಯ್ಯ

ಗುಬ್ಬಿ ಪೇಟೆಯಲ್ಲಿ ಮರುಳಸಿದ್ಧಯ್ಯ ಅಂತ ಒಬ್ಬ ಇದ್ದ. ಬೋರ್‌ವೆಲ್ ಮೋಟಾರು ಮಾರುವುದು ಅವನ ಕಸುಬು, ವಿಮಾನ ಹತ್ತುವುದು ಅವನ ಚಟ. ಯಾರಾದರೂ ಕೇಳಿದರೆ, "ಗುಬ್ಬೀಲಿ ಹುಟ್ಟಿದೋನು ಹಾರದೆ ತೆವಳ್ತಾನಾ?" ಅನ್ನುತ್ತಿದ್ದ. ಮೂವತ್ತಾರು ದಾಟಿದರೂ ಮದುವೆ ಆಗಿರಲಿಲ್ಲ. ಹೆಣ್ಣು ನೋಡುವುದಕ್ಕೆ ಮೊದಲು ನೆಲಕ್ಕೆ ಇಳಿಯಬೇಕಲ್ಲ, ಮಕ್ಕಳೇ!

ವಿಮಾನ ಕಂಪನಿಯವರು ನಾವು ಹಾರಿದ ಒಂದೊಂದು ಮೈಲಿಯನ್ನೂ ನಮ್ಮ ಹೆಸರಿನಲ್ಲಿ ಬರೆದಿಡುತ್ತಾರೆ, ಚಿತ್ರಗುಪ್ತ ಪುಣ್ಯ ಬರೆದಿಟ್ಟ ಹಾಗೆ. ಪುಣ್ಯ ಹೆಚ್ಚಾದರೆ ಸ್ವರ್ಗ, ಮೈಲಿ ಹೆಚ್ಚಾದರೆ ಚಿನ್ನದ ಬಣ್ಣದ ಕಾರ್ಡು. ಆ ಕಾರ್ಡು ಇದ್ದವನಿಗೆ ಬೇರೆ ಸಾಲು, ಅಗಲವಾದ ಕುರ್ಚಿ, ಬಟ್ಟಲು ತುಂಬ ಗೋಡಂಬಿ. ಮರುಳಯ್ಯನಿಗೆ ಆ ಕಾರ್ಡು ಬರಲು ಹದಿನಾಲ್ಕು ಸಾವಿರ ಮೈಲಿ ಕಡಿಮೆ ಇತ್ತು. ತಿಂಗಳು ಮುಗಿಯುವುದರೊಳಗೆ ಹಾರದಿದ್ದರೆ ಅಷ್ಟು ವರ್ಷದ್ದೂ ಕರಗಿಹೋಗುತ್ತಿತ್ತು, ಬಿಸಿಲಿಗಿಟ್ಟ ಬೆಲ್ಲದ ಹಾಗೆ.

ಅವನು ಭೂಪಟ ಹರಡಿಕೊಂಡು ಕೂತ. ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಗ್ಗೆ ವಾಪಸ್ಸು ಬರಬೇಕು, ಮೈಲಿಯೂ ಭರ್ತಿಯಾಗಬೇಕು. ಬೆರಳು ಸಮುದ್ರ ದಾಟಿತು, ಮತ್ತೊಂದು ಸಮುದ್ರ ದಾಟಿತು, ಭೂಮಿ ಮುಗಿಯುವ ಕಡೆ ಫಿಜಿ ಅನ್ನುವ ದ್ವೀಪದ ಮೇಲೆ ನಿಂತಿತು. ಅಲ್ಲಿ ವಿಮಾನ ಇಳಿಯುವ ಊರಿನ ಹೆಸರು ಬರೆಯುವಾಗ ನಾಡಿ, ಅಲ್ಲಿನವರ ಬಾಯಲ್ಲಿ ಮಾತ್ರ ನಂದಿ. ನಿಜ, ಮಕ್ಕಳೇ. ನಮ್ಮ ಬಸವಣ್ಣನ ಹೆಸರೇ!

ಮರುಳಯ್ಯನ ಮುಖ ಹಬ್ಬದ ಒಬ್ಬಟ್ಟಿನ ಹಾಗೆ ಉಬ್ಬಿತು. ಏಕೆಂದರೆ ಅವನಿಗಿದ್ದ ಒಂದು ತೊಡಕಿಗೆ ಆ ಹೆಸರಲ್ಲೇ ದಾರಿ ಸಿಕ್ಕಿತ್ತು. ಅಕ್ಕ ಸಿದ್ಧಗಂಗಮ್ಮ, ಹನ್ನೆರಡು ವರ್ಷ ಕಾದು ಒಂದು ಹೆಣ್ಣುಮಗು ಹೆತ್ತಿದ್ದಳು. ಮಗುವಿನ ಹೆಸರು ನೀಲಾಂಬಿಕೆ, ಕರೆಯುವುದು ನೀಲಿ, ವಯಸ್ಸು ನಾಲ್ಕು. ಸೋಮವಾರ ಹತ್ತೂವರೆಗೆ ನೀಲಿಗೆ ಕಿವಿ ಚುಚ್ಚುವ ಶಾಸ್ತ್ರ. ಆ ಹೊತ್ತಿಗೆ ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು. ಅದು ಮನೆಯ ಪದ್ಧತಿ. ನೀಲಿಯಂತೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮಾವ ಹಿಡ್ಕೊಂಡ್ರೆ ಚುಚ್ಚಿಸ್ಕೋತೀನಿ. ಬ್ಯಾರೆ ಯಾರಾದ್ರೂ ಹಿಡ್ಕೊಂಡ್ರೆ ಕಚ್ತೀನಿ."

ಮರುಳಯ್ಯ ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದ.

ಶುಕ್ರವಾರ ಬೆಳಗ್ಗೆ ಅಕ್ಕ ಹೇಳಿದಳು: "ಶನಿವಾರ ಭಾನುವಾರ ಎಲ್ಲಿಗೂ ಹಾರ್ಬ್ಯಾಡ ಕಣೋ ಮರುಳ. ಮನೇಲಿ ಕೆಲ್ಸ ಐತೆ."

"ಸೋಮವಾರ ಬೆಳಗ್ಗೆಗೆಲ್ಲ ಬಂದ್ಬಿಡ್ತೀನಿ ಕಣಕ್ಕ. ಹಂಗೇ ಒಂದ್ಸಲ ನಂದಿಗೆ ಹೋಗಿ ಬತ್ತೀನಿ."

"ನಂದಿ ಬೆಟ್ಟಕ್ಕಾ? ಹಂಗಾದ್ರೆ ಸ್ವೆಟರ್ ತಗೊಂಡೋಗು. ಮ್ಯಾಲೆ ಚಳಿ."

ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸ್ವೆಟರ್ ತೆಗೆದುಕೊಂಡ. 'ನಾನು ಸುಳ್ಳು ಹೇಳಿದ್ನಾ? ಇಲ್ಲವಲ್ಲ!' ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾರು ನಿಲ್ಲಿಸಿದಾಗ ದೂರದಲ್ಲಿ ನಂದಿ ಬೆಟ್ಟವೇ ಕಾಣಿಸಿತು. ಅದಕ್ಕೊಂದು ಕೈಮುಗಿದು ವಿಮಾನ ಹತ್ತಿದ.

ಶನಿವಾರ ಮಧ್ಯಾಹ್ನ ಫಿಜಿಯ ನಂದಿಯಲ್ಲಿ ಇಳಿದ. ಸ್ವೆಟರ್ ಒಳಗೆ ಬೆವರು ಹರಿದು ಬೂಟಿಗೆ ಬಂತು. ಸಾಹಸ ಮಾಡಬೇಕು ಅಂತ ಸಮುದ್ರಕ್ಕೆ ಕಾಲಿಟ್ಟ. ಅಲೆ ಬಂದು ತಂಪು ಕನ್ನಡಕ ಕಿತ್ತುಕೊಂಡು ಹೋಯಿತು. ಹುಟ್ಟಿನಿಂದ ತೆಂಗಿನ ತೋಟದ ನೆರಳಲ್ಲೇ ಬೆಳೆದವನು ಏಳು ಸಾವಿರ ಮೈಲಿ ಹಾರಿಬಂದು ಕುಡಿದದ್ದು ಏನು ಗೊತ್ತೇ? ಎಳನೀರು! ಅದೂ ನಮ್ಮ ಗುಬ್ಬಿಯದರಷ್ಟು ಸಿಹಿ ಇರಲಿಲ್ಲ.

ಅಲ್ಲಿ ಸಂಜೆ, ನಮ್ಮಲ್ಲಿ ಮಧ್ಯಾಹ್ನ. ಫೋನು ಬಡಿದುಕೊಂಡಿತು. ಅಕ್ಕ.

"ಮರುಳಾ, ಶಾಸ್ತ್ರ ನಾಳೆ ಬೆಳಿಗ್ಗೆನೇ ಇಟ್ಕೊಂಡಿದ್ದೀವಿ. ಸೋಮವಾರ ಕಿವಿ ಚುಚ್ಚೋ ಆಚಾರ್ರಿಗೆ ಪುರುಸೊತ್ತಿಲ್ವಂತೆ, ಇಲ್ಲೇ ಪಕ್ಕದ ಕಡಬದಲ್ಲಿ ಬೀಗರ ಮನೆ ಗೃಹಪ್ರವೇಶ ಐತಂತೆ. ನಾಳೆ ಒಂಬತ್ತೂವರೆಗೆ ಹೊತ್ತು ಚೆನ್ನಾಗೈತೆ. ನಂದೀಲೇ ಇದೀಯಲ್ಲ, ಎರಡೂವರೆ ಗಂಟೆ ದಾರಿ. ಈಗ್ಲೇ ಇಳ್ಕೊಂಡ್ಬಾ."

ಮರುಳಯ್ಯ ಎಳನೀರಿನ ಬುರುಡೆ ಕೆಳಗಿಟ್ಟ. ಬಾಯಿ ತಾನೇ ಆಡಿತು: "ಅಕ್ಕಾ, ಕಾರು ಕೆಟ್ಟೋಗೈತೆ."

"ಅದಕ್ಯಾಕೆ ಯೋಚ್ನೆ? ನಿಮ್ಮ ಭಾವನ್ನ ಕಳಿಸ್ತೀನಿ. ಅಲ್ಲೇ ಇರು!"

ಫೋನು ಕಟ್ಟಾಯಿತು. ಮೊದಲನೆಯದು ಅರ್ಧ ನಿಜ, ಎರಡನೆಯದು ಪೂರ್ತಿ ಸುಳ್ಳು. ಎರಡೂ ಸೇರಿ ಭಾವ ಷಡಕ್ಷರಪ್ಪನವರನ್ನು ಊಟದ ತಟ್ಟೆಯಿಂದ ಎಬ್ಬಿಸಿ ನಂದಿ ಬೆಟ್ಟದ ದಾರಿ ಹಿಡಿಸಿದವು. ಆ ಮನುಷ್ಯನಿಗೆ ಎತ್ತರ ಅಂದರೆ ತಲೆ ಸುತ್ತು. ಅಟ್ಟದ ಏಣಿಯನ್ನೂ ಹತ್ತಿದವರಲ್ಲ.

ಮರುಳಯ್ಯ ಕೋಣೆ ಸೇರಿ ಹಾಸಿಗೆ ಅಂಚಿಗೆ ಕೂತ. ಹೇಳಿಬಿಡಲೇ? ಹೇಳಿದರೆ ಅಕ್ಕ ಬೈತಾಳೆ. ಹೇಳದಿದ್ದರೆ? ಭಾವ ಈಗ ದಾಬಸ್‌ಪೇಟೆ ದಾಟಿರಬಹುದು. ಈಗ ದೊಡ್ಡಬಳ್ಳಾಪುರ. ಈಗ ಬೆಟ್ಟದ ಬುಡ. ಒಂದೊಂದು ಊರು ದಾಟಿದಾಗಲೂ ಇವನ ಎದೆ ಒಂದೊಂದು ಸಲ ಹಾರಿತು. ಈ ಹಾರಾಟಕ್ಕೆ ಯಾವ ಕಂಪನಿಯೂ ಮೈಲಿ ಕೊಡುವುದಿಲ್ಲ.

ಮೂರೂವರೆ ಗಂಟೆ ಕಳೆದು ಫೋನು ಬಂತು.

"ಎಲ್ಲಿದ್ದೀಯೋ ಮಾರಾಯ? ಇಡೀ ಬೆಟ್ಟ ಸುತ್ತಿದೆ. ಎರಡು ಕೋತಿ ನನ್ನ ಟವೆಲ್ ಕಿತ್ಕೊಂಡೋದ್ವು. ಅದೇನೋ ಭೋರ್ ಅಂತೈತೆ ನಿನ್ನ ಕಡೆ?"

ಕಿಟಕಿಯಾಚೆ ಸಮುದ್ರ. "ಗಾಳಿ, ಭಾವ."

"ಇಲ್ಲಿ ಒಂದೆಲೆನೂ ಅಲ್ಲಾಡ್ತಿಲ್ಲ! ಯಾವ ಕಡೆ ಇದೀಯಾ ಹೇಳು."

ನಾಲ್ಕನೆಯ ಸುಳ್ಳು ಸರಾಗವಾಗಿ ಬಂತು, ಎಣ್ಣೆ ಹಚ್ಚಿದ ಬಾಗಿಲ ಹಾಗೆ. "ಟಿಪ್ಪು ಡ್ರಾಪ್ ಅಂಚಲ್ಲೇ ಇದ್ದೆ ಭಾವ. ಈಗ ಅಲ್ಲಿಂದ ಕೆಳಗೆ..."

ಅಷ್ಟಕ್ಕೆ ಫೋನಿನ ಕರೆನ್ಸಿ ಮುಗಿಯಿತು.

ಟಿಪ್ಪು ಡ್ರಾಪ್ ಅಂದರೆ ನಂದಿ ಬೆಟ್ಟದ ಕಡಿದಾದ ಬಂಡೆ. ಅದರ ಅಂಚಿನಿಂದ ಕೆಳಗೆ ಹೋದವನು ಹೇಗೆ ಹೋಗುತ್ತಾನೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮರುಳಯ್ಯನಿಗೂ ತಿಳಿಯಿತು. ಹೋಟೆಲಿನವರ ಫೋನು ಕೇಳಿ ಹೇಳಬಹುದಿತ್ತು. ಆದರೆ ಏನಂತ ಹೇಳುವುದು? 'ಬೆಳಗಾದರೆ ಏನಾದರೂ ಹೊಳೆಯುತ್ತೆ' ಅಂದುಕೊಂಡು ಆ ಸೆಕೆಯಲ್ಲೂ ಸ್ವೆಟರನ್ನು ಮುಖಕ್ಕೆ ಕವುಚಿಕೊಂಡು ಮಲಗಿದ. ನಿದ್ದೆ ಬರಲಿಲ್ಲ. ಬೆಳಗಾಯಿತು. ಏನೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದ. ಓಡಿಸುವವನು ಮುನಿಸಾಮಿ ಅಂತ ಮುದುಕ. ಹಿಂದಿಯಲ್ಲಿ ಕೇಳಿದ: "ಎಷ್ಟು ದಿನ ಇದ್ರಿ?"

"ಒಂದು."

ಮುದುಕ ನಕ್ಕ. "ನಮ್ಮ ಮುತ್ತಾತ ಮದರಾಸಿನಿಂದ ಹಡಗಲ್ಲಿ ಬಂದ. ಕೂಲಿಗೆ ಜನ ಹಿಡಿಯೋ ಏಜೆಂಟು ಹೇಳಿದ್ದು 'ಇಲ್ಲೇ ಹತ್ತಿರ, ಕಬ್ಬಿನ ಗದ್ದೆ' ಅಂತ. ಕಬ್ಬಿನ ಗದ್ದೆ ಅನ್ನೋದು ನಿಜ. ಹೋಗಿ ಬರ್ತೀನಿ ಅಂತ ಹೆಂಡತಿಗೆ ಹೇಳಿ ಹಡಗು ಹತ್ತಿದ. ಬರೋಕೆ ಆಗಲೇ ಇಲ್ಲ. ಅವಳು ಎಷ್ಟು ವರ್ಷ ಬಾಗಿಲಲ್ಲಿ ಕಾದಳೋ! ನೀವು ಮನೇಲಿ ಸರಿಯಾಗಿ ಹೇಳಿ ಬಂದಿದ್ದೀರಿ ತಾನೇ?"

ಮರುಳಯ್ಯ ಕಿಟಕಿಯ ಕಡೆ ಮುಖ ತಿರುಗಿಸಿದ.

ನಿಲ್ದಾಣದಲ್ಲಿ ವೈಫೈ ಸಿಕ್ಕಿದ್ದೇ ತಡ, ಕೊಡ ಮಗುಚಿದ ಹಾಗೆ ಸಂದೇಶಗಳು ಬಿದ್ದವು. ಐವತ್ತೆರಡು ಕರೆ. ಭಾವನ ಒಂದು ಫೋಟೋ: ಮಂಡಿ ತರಚಿದೆ, ಪಕ್ಕದಲ್ಲಿ ಹಗ್ಗ ಹಿಡಿದ ನಾಲ್ಕು ಜನ ಬಂಡೆಯ ಕೆಳಗೆ ಇಣುಕುತ್ತಿದ್ದಾರೆ. ಕೊನೆಯದು ನೀಲಿಯ ದನಿ: "ಮಾವ, ಎಲ್ಲಾರೂ ಅಳ್ತಾವ್ರೆ. ನಾನು ಕಚ್ಚಲ್ಲ, ಬಾ."

"ಬಾಗಿಲು ಮುಚ್ಚುತ್ತೇವೆ, ಬನ್ನಿ" ಅಂತ ವಿಮಾನದವರು ಕೂಗುತ್ತಿದ್ದರು. ಮೊದಲ ಬಾರಿಗೆ ಮರುಳಯ್ಯನಿಗೆ ಮೈಲಿಯ ಯೋಚನೆ ಬರಲಿಲ್ಲ. ವಿಮಾನ ಹೋದರೆ ಹೋಗಲಿ ಅಂತ ನಿಂತಲ್ಲೇ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಅಳ್ಬ್ಯಾಡ. ನಾನು ಮರುಳ. ನಾನು ನಂದೀಲೇ ಇದೀನಿ. ಆದ್ರೆ ಬೆಟ್ಟದ ನಂದಿ ಅಲ್ಲ, ಇದು ಬ್ಯಾರೆ ನಂದಿ. ಬಾಳ ದೂರ. ಮ್ಯಾಲೆ ಹಾರ್ಕೊಂಡು ಬಂದೆ. ಇಲ್ಲಿ ನಂಗೇನೂ ತೊಂದ್ರೆ ಇಲ್ಲ."

ಆ ಕಡೆಯಿಂದ ಗುಬ್ಬಿಯ ಹೆಂಚು ಹಾರುವಂಥ ಚೀತ್ಕಾರ: "ಅಯ್ಯೋ! ಶಿವನ ಪಾದ ಸೇರ್ಬಿಟ್ಯಾ ನನ್ನ ತಮ್ಮಾ! ಕೈಲಾಸದ ನಂದಿ ಹತ್ರ ನಿಂತ್ಕೊಂಡು ಮಾತಾಡ್ತಾವ್ನಲ್ಲಪ್ಪೋ!"

ಫೋನು ನೆಲಕ್ಕೆ ಬಿದ್ದ ಸದ್ದು. ಅಷ್ಟೇ. ಮತ್ತೆ ಮಾಡಿದ, ಯಾರೂ ಎತ್ತಲಿಲ್ಲ. ವಿಮಾನದವರು ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

ನೋಡಿದಿರಾ? ನಿಜವನ್ನೇ ಹೇಳಿದ. ಆದರೆ ನಾಲ್ಕು ಸುಳ್ಳಿನ ಹಿಂದೆ ನಿಲ್ಲಿಸಿದ ನಿಜ, ದೆವ್ವದ ಹಾಗೆ ಕಾಣಿಸಿತು.

ಹತ್ತೂವರೆ ಗಂಟೆ ಹಾರಾಟ. ಮುಂದಿನ ಪರದೆಯಲ್ಲಿ ಪುಟ್ಟ ವಿಮಾನ ನೀಲಿ ಸಮುದ್ರದ ಮೇಲೆ ಇರುವೆಯ ಹಾಗೆ ಹರಿಯುತ್ತಿತ್ತು, ಪಕ್ಕದಲ್ಲಿ ದಾಟಿದ ಮೈಲಿಯ ಲೆಕ್ಕ. ಬೇರೆ ದಿನವಾದರೆ ಅದನ್ನು ನೋಡುತ್ತ ಮೀಸೆ ತಿರುವುತ್ತಿದ್ದ. ಇವತ್ತು ಒಂದೊಂದು ಮೈಲಿಯೂ ಬೀಸುವ ಕಲ್ಲಿನಷ್ಟು ಭಾರವಾಯಿತು. ಅಕ್ಕನಿಗೆ ಏನಾದರೂ ಆದರೆ? ಭಾವ ಮತ್ತೆ ಬಂಡೆ ಇಳಿದರೆ? ಊಟ ತಂದರೆ ಬೇಡ ಅಂದ. ಗೋಡಂಬಿಯನ್ನೂ ಬೇಡ ಅಂದ. ಸ್ವೆಟರಿನ ತೋಳಿನ ಒಂದು ದಾರ ಎಳೆಯುತ್ತ ಕೂತವನು, ಸಿಂಗಾಪುರ ಬರುವ ಹೊತ್ತಿಗೆ ಮೊಣಕೈವರೆಗೆ ಬಿಚ್ಚಿಬಿಟ್ಟಿದ್ದ.

ಅಲ್ಲಿ ವಿಮಾನ ಬದಲಿಸಬೇಕು. ಇಳಿದವನೇ ವಿಡಿಯೋ ಕರೆ ಮಾಡಿದ. ಭಾವ ಎತ್ತಿದರು. ಹಿಂದೆ ಮನೆ ತುಂಬ ಜನ. ಭಾವನ ಕೈಯಲ್ಲಿ ವಿಭೂತಿ ಗಟ್ಟಿ.

"ಯಾರು ನೀನು?"

"ನಾನೇ ಭಾವ, ಮರುಳ. ಬದುಕಿದ್ದೀನಿ."

"ದೆವ್ವಕ್ಕೆ ಪಾದ ಹಿಂದುಮುಂದಾಗಿರ್ತಾವೆ. ಬೂಟು ಬಿಚ್ಚು. ಪಾದ ತೋರ್ಸು!"

ದೇಶದೇಶದ ಜನ ಓಡಾಡುವ ಆ ಮಿರಮಿರ ಮಿಂಚುವ ಹಜಾರದಲ್ಲಿ ಮರುಳಯ್ಯ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಎರಡೂ ಪಾದ ಎತ್ತಿ ಫೋನಿಗೆ ತೋರಿಸಿದ. ಭಾವ ಹತ್ತು ಬೆರಳೂ ಎಣಿಸಿದರು. "ಸರಿಯಾಗವೆ," ಅಂತ ಹಿಂದಕ್ಕೆ ಕೂಗಿ ಹೇಳಿದರು. ಅಕ್ಕ ಫೋನು ಕಿತ್ತುಕೊಂಡಳು. ಆಗ ಅವನು ಎಲ್ಲವನ್ನೂ ಹೇಳಿದ: ಕಾರ್ಡು, ಮೈಲಿ, ಫಿಜಿ, ಎರಡು ನಂದಿ. ಒಂದನ್ನೂ ಮುಚ್ಚಿಡಲಿಲ್ಲ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. "ಉಂಡ್ಯಾ?" ಅಂತ ಕೇಳಿ ಫೋನು ಇಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಸಾವಿನ ಸುದ್ದಿಯಿಂದ ಭಾನುವಾರದ ಶಾಸ್ತ್ರ ನಿಂತುಹೋಗಿತ್ತು. ಸೋಮವಾರ ಬೆಳಗಾಗುವ ಮುಂಚೆ ಮರುಳಯ್ಯ ದೇವನಹಳ್ಳಿಯಲ್ಲಿ ಇಳಿದ. ನಂದಿ ಬೆಟ್ಟದ ಕಡೆ ತಲೆ ಎತ್ತದೆ ಕಾರು ಹತ್ತಿ ನೇರ ಕಡಬಕ್ಕೆ ಓಡಿಸಿದ. ಗೃಹಪ್ರವೇಶದ ಮನೆಯಲ್ಲಿ ಎಲ್ಲರೆದುರು ಆಚಾರ್ರ ಕಾಲಿಗೆ ಬಿದ್ದು, ನಡೆದದ್ದು ನಡೆದಂತೆ ಹೇಳಿದ. ನೆಂಟರು ಬಿದ್ದು ಬಿದ್ದು ನಕ್ಕರು. ಆಚಾರ್ರು, "ಆ ಪಾದ ತೋರ್ಸಿದ್ದನ್ನ ಇನ್ನೊಂದ್ಸಲ ಹೇಳಪ್ಪಾ," ಅಂತ ಮೂರು ಸಲ ಹೇಳಿಸಿ, ಚಿನ್ನದ ತಂತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಹತ್ತೂವರೆ. ನಡುಮನೆಯಲ್ಲಿ ಮಣೆ. ಮರುಳಯ್ಯ ಕೂತು ತೊಡೆ ಕೊಟ್ಟ. ನೀಲಿ ಬಂದಳು. ಕೂರಲಿಲ್ಲ. ಎದುರಿಗೆ ನಿಂತು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೋಯಲ್ಲ ಅಲ್ವಾ ಮಾವ?"

ನೋಯಲ್ಲ ಪುಟ್ಟಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಎಲ್ಲ ಮಾವಂದಿರೂ ಹಾಗೇ ಅನ್ನುತ್ತಾರೆ. ಮರುಳಯ್ಯ ಅದನ್ನು ನುಂಗಿಕೊಂಡ.

"ನೋಯುತ್ತೆ ಕಣವ್ವ. ಕೆಂಜಿಗ ಕಚ್ಚಿದಷ್ಟು ನೋಯುತ್ತೆ. ಎರಡು ಸಲ. ಆಮೇಲೆ ಕಮ್ಮಿ ಆಗುತ್ತೆ. ಅಲ್ಲೀವರ್ಗೂ ನಾನು ಇಲ್ಲೇ ಇರ್ತೀನಿ."

ನೀಲಿ ಕಣ್ಣು ಕಿರಿದು ಮಾಡಿದಳು. "ಯಾವ ಇಲ್ಲಿ?"

ಮನೆಯಲ್ಲಿ ಯಾರೂ ನಗಲಿಲ್ಲ. ಮರುಳಯ್ಯನ ಕಣ್ಣಲ್ಲಿ ನೀರಾಡಿತು. ತೊಡೆ ತಟ್ಟಿ ತೋರಿಸಿದ. "ಈ ಇಲ್ಲಿ. ಗುಬ್ಬೀಲಿ, ನಿಮ್ಮನೇಲಿ, ಈ ಮಣೆ ಮ್ಯಾಲೆ."

ಅವಳು ಮಣೆಯನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಕೂತಳು. ಎರಡು ಸಲ ಅತ್ತಳು. ಕಚ್ಚಲಿಲ್ಲ.

ಮುಂದಿನ ತಿಂಗಳು ಚಿನ್ನದ ಬಣ್ಣದ ಕಾರ್ಡು ಅಂಚೆಯಲ್ಲಿ ಬಂತು. ನೀಲಿ ಅದರಲ್ಲಿ ಆಟದ ಒಲೆ ಮೇಲೆ ದೋಸೆ ಮಗುಚುತ್ತಾಳೆ. ಬಹಳ ಚೆನ್ನಾಗಿ ಮಗುಚುತ್ತದಂತೆ.

ನೀತಿ: ನಾಲಿಗೆ ಆಡಿದ್ದಷ್ಟೇ ಮಾತಲ್ಲ, ಕೇಳಿದವರ ಕಿವಿಗೆ ಮುಟ್ಟಿದ್ದು ಮಾತು. ಅವರು ತಪ್ಪು ತಿಳಿಯಲಿ ಎಂದು ಹೇಳಿದ ನಿಜವೂ ಸುಳ್ಳೇ. ಎಷ್ಟು ದೂರವಾದರೂ ಹಾರಿ ಬನ್ನಿ ಮಕ್ಕಳೇ, ಆದರೆ ಬಾಗಿಲಲ್ಲಿ ಕಾಯುವವರಿಗೆ ಯಾವ ನಂದಿ ಅಂತ ಹೇಳಿ ಹೋಗಿ.